ಮಟ್ಟುಗುಳ್ಳದಿಂದ ಹತ್ತಿಕಾಳಿನ ಎಣ್ಣೆಯವರೆಗೆ: ಕುಲಾಂತರಿ ಆಹಾರವನ್ನು ಜನ ಯಾಕೆ ನಂಬುತ್ತಿಲ್ಲ?

ಕಡಲತಡಿ, ಉಡುಪಿ

ಆತ್ಮೀಯರೇ, ಕಳೆದ ವಾರ ಉಡುಪಿಯ ತರಕಾರಿ ಅಂಗಡಿಯೊಂದರಲ್ಲಿ ಕೇಳಿದ ಮಾತು ಮನಸ್ಸಿನಿಂದ ಹೋಗದ ಕಾರಣ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಮಟ್ಟು ಎಂಬ ಊರಿನ ಬದನೆಯಾದ ಮಟ್ಟುಗುಳ್ಳದ ರಾಶಿಯ ಮುಂದೆ ನಿಂತಿದ್ದ ಹೆಂಗಸೊಬ್ಬರು ಒಂದೊಂದೇ ಕಾಯಿಯನ್ನು ಎತ್ತಿ, ತೊಟ್ಟಿನ ಸುತ್ತ ಹೆಬ್ಬೆರಳಿನಿಂದ ಸವರಿ, ಹುಳದ ತೂತು ಇಲ್ಲವೆಂದು ಖಚಿತಪಡಿಸಿಕೊಂಡು ಚೀಲಕ್ಕೆ ಹಾಕುತ್ತಿದ್ದರು. ಐದಾರು ಕಾಯಿ ಆದ ಮೇಲೆ ಕೈ ನಿಲ್ಲಿಸಿ, "ಒಂದರಲ್ಲೂ ಹುಳವೇ ಇಲ್ಲವಲ್ಲ, ಇದು ಬಿಟಿ ಬದನೆ ಅಲ್ಲವಷ್ಟೇ?" ಎಂದು ಕೇಳಿದರು. ಅಂಗಡಿಯವರಿಗೆ ಬೇಸರವಾಯಿತು. "ಅಮ್ಮ, ಇದು ಬೆಳಿಗ್ಗೆಯಷ್ಟೇ ಮಟ್ಟುವಿನಿಂದ ಬಂದದ್ದು. ಕೊದ್ದೆಲು ಮಾಡಿ ನೋಡಿ, ಆಮೇಲೆ ಹೇಳಿ" ಎಂದರು. ಆಕೆ ಕೊಂಡುಹೋದರು, ಆದರೆ ಮುಖದ ಮೇಲಿನ ಅನುಮಾನ ಪೂರ್ತಿ ಇಳಿದಿರಲಿಲ್ಲ.

ಭಾರತದಲ್ಲಿ ಬಿಟಿ ಬದನೆಯನ್ನು, ಅಂದರೆ ಹುಳವನ್ನು ಕೊಲ್ಲುವಂತೆ ಮಣ್ಣಿನ ಬ್ಯಾಕ್ಟೀರಿಯಾವೊಂದರ ವಂಶವಾಹಿಯನ್ನು ಸೇರಿಸಿದ ಕುಲಾಂತರಿ ಬದನೆಯನ್ನು, ಕಾನೂನುಬದ್ಧವಾಗಿ ಬೆಳೆಯುವಂತಿಲ್ಲ ಎಂಬ ಸಂಗತಿ ಅವರಿಬ್ಬರಲ್ಲಿ ಯಾರಿಗೂ ತಿಳಿದಿರಲಿಲ್ಲ. 2009ರ ಅಕ್ಟೋಬರ್ 14ರಂದು ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಅನುಮೋದನಾ ಸಮಿತಿಯು ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ದೇಶದಾದ್ಯಂತ ಗದ್ದಲವೆದ್ದ ಮೇಲೆ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಅಹವಾಲು ಸಭೆಗಳನ್ನು ನಡೆಸಿದರು. ಕೊನೆಯ ಸಭೆ 2010ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆಯಿತು; ಮೂರೇ ದಿನಗಳ ನಂತರ ಅವರು ತಡೆ ಘೋಷಿಸಿದರು. ಆ ತಡೆ ಇಂದಿಗೂ ತೆರವಾಗಿಲ್ಲ. ಆಗ ಕರ್ನಾಟಕ ಸರ್ಕಾರವೂ ಇದು ಈಗಲೇ ಬೇಡವೆಂದು ಕೇಂದ್ರಕ್ಕೆ ಬರೆದಿತ್ತು.

ನಮ್ಮ ಪಾಲಿಗೆ ಅದು ದೂರದ ದೆಹಲಿಯ ಸುದ್ದಿಯಾಗಿರಲಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಬಿಟಿ ವಂಶವಾಹಿಯನ್ನು ಸೇರಿಸಲು ಆರಿಸಿಕೊಂಡ ಬದನೆಗಳಲ್ಲಿ ಮಾಳಾಪುರ, ಕುಡಚಿ, ರಬಕವಿ, ಮಂಜರಿಗೋಟಾ ತಳಿಗಳ ಜೊತೆಗೆ ಉಡುಪಿಯ ಗುಳ್ಳವೂ ಇತ್ತು. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜವೆಂದು ಊರಿನವರು ನಂಬಿಕೊಂಡು ಬಂದ, ಉಡುಪಿ ಕೃಷ್ಣಮಠದ ಪರ್ಯಾಯೋತ್ಸವಕ್ಕೆ ಹೊರೆಕಾಣಿಕೆಯಾಗಿ ಹೋಗುವ, 2011ರಲ್ಲಿ ಭೌಗೋಳಿಕ ಗುರುತನ್ನೂ ಪಡೆದ ಕಾಯಿ ಇದು.

ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ಹೈಬ್ರಿಡ್ ಟೊಮೆಟೊ, ಬೀಜವಿಲ್ಲದ ದ್ರಾಕ್ಷಿ, ಫಾರಂ ಕೋಳಿ, ಕುಲಾಂತರಿ ಹತ್ತಿ ಇವೆಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ "ಕೆಮಿಕಲ್" ಎಂದು ಕರೆಯುವವರನ್ನು ಎಷ್ಟೋ ಬಾರಿ ತಿದ್ದಿದ್ದೇನೆ. ಹಾಗಿದ್ದರೂ, "ಜನರಿಗೆ ವಿಜ್ಞಾನ ಗೊತ್ತಿಲ್ಲ, ಅದಕ್ಕೇ ಹೆದರುತ್ತಾರೆ" ಎಂಬ ಮಾತನ್ನು ನನ್ನಿಂದ ಒಪ್ಪಲಾಗುತ್ತಿಲ್ಲ. ತಿಳಿವಳಿಕೆಯ ಕೊರತೆಯೊಂದೇ ಕಾರಣವಾಗಿದ್ದರೆ, ಜನರು ಹೈಬ್ರಿಡ್ ತಳಿಗಳನ್ನೂ ಹೀಗೆಯೇ ತಿರಸ್ಕರಿಸಬೇಕಿತ್ತಲ್ಲವೇ? ನಿಮ್ಮ ನಿಮ್ಮ ಊರಿನ, ಹೊಲದ, ಅಡುಗೆಮನೆಯ ಅನುಭವವನ್ನು ಬರೆಯಬೇಕೆಂದು ಕೋರುತ್ತೇನೆ.

ಕಪ್ಪುಮಣ್ಣು, ಹಾವೇರಿ ಜಿಲ್ಲೆ

ಗುರುಗಳೇ, ನಮಸ್ಕಾರ. ಹೈಬ್ರಿಡ್ ವಿಷಯ ನೀವೇ ಎತ್ತಿದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. ನಮ್ಮ ತಂದೆಯವರು ಜಯಧರ ಹತ್ತಿ ಬಿಟ್ಟು ವರಲಕ್ಷ್ಮಿ ಬಿತ್ತಿದಾಗ ಊರಿನಲ್ಲಿ ಯಾರೂ ಹೆದರಲಿಲ್ಲ ಎಂದು ಮನೆಯಲ್ಲಿ ಹೇಳುತ್ತಿದ್ದರು. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಕಟರಕಿಯವರು ಮಾಡಿದ ತಳಿ ಅದು. ಮಾಡಿದವರು ಯಾರು, ಎಲ್ಲಿ ಮಾಡಿದರು ಎಂಬುದು ರೈತರಿಗೆ ಗೊತ್ತಿತ್ತು. ಕೇಳಬೇಕೆಂದರೆ ಬಸ್ಸು ಹತ್ತಿ ಹೋಗಿ ಕೇಳಬಹುದಿತ್ತು.

ಬಿಟಿ ಹತ್ತಿಗೆ 2002ರ ಮಾರ್ಚಿನಲ್ಲಿ ಒಪ್ಪಿಗೆ ಸಿಕ್ಕಿತು. ನಾವು ಅದನ್ನು ಬಿತ್ತಿದೆವು, ಯಾರೂ ಒತ್ತಾಯ ಮಾಡಿರಲಿಲ್ಲ. ಮೊದಲಿನ ವರ್ಷಗಳಲ್ಲಿ ಒಳ್ಳೆಯದೇ ಆಯಿತು, ಅದನ್ನು ಮುಚ್ಚಿಡಬಾರದು. ಅದಕ್ಕೆ ಮುಂಚೆ ಹಸಿರು ಕಾಯಿಕೊರಕ ಹುಳಕ್ಕೆ ಕೀಟನಾಶಕ ಹೊಡೆದು ಹೊಡೆದು ಬೆನ್ನಿನ ಪಂಪು ಇಳಿಸುವ ಹೊತ್ತಿಗೆ ತಲೆ ಸುತ್ತು ಬಂದು ಬದುವಿನ ಮೇಲೆ ಕೂರುತ್ತಿದ್ದೆವು. ಬಿಟಿ ಬಂದ ಮೇಲೆ ಆ ಕೆಲಸ ಅರ್ಧಕ್ಕಿಂತ ಕಡಿಮೆಯಾಯಿತು. ಬೀಜದ ಪೊಟ್ಟಣಕ್ಕೆ ಆಗ 1,600 ರೂಪಾಯಿಯ ಮೇಲಿತ್ತು; 2006ರಲ್ಲಿ ಆಂಧ್ರ ಸರ್ಕಾರ ಬೀಜದ ಕಂಪನಿಯ ಮೇಲೆ ದೂರು ಕೊಟ್ಟು ಜಗ್ಗಾಡಿದ ಮೇಲೆ 750ಕ್ಕೆ ಇಳಿಯಿತು.

ಪೆಟ್ಟಿಗೆಯೊಳಗೆ 450 ಗ್ರಾಂ ಬಿಟಿ ಬೀಜದ ಜೊತೆಗೆ 120 ಗ್ರಾಮಿನ ಇನ್ನೊಂದು ಸಣ್ಣ ಪೊಟ್ಟಣ ಬರುತ್ತಿತ್ತು. ಅದು ಬಿಟಿ ಅಲ್ಲದ ಹತ್ತಿ. ಹೊಲದ ಸುತ್ತ ಬಿತ್ತಬೇಕು, ಹುಳಗಳಿಗೆ ಅಲ್ಲಿ ಬದುಕಲು ಜಾಗ ಸಿಕ್ಕರೆ ಬಿಟಿಯನ್ನು ಸಹಿಸುವ ಹುಳಗಳು ಬೇಗ ಹೆಚ್ಚಾಗುವುದಿಲ್ಲ ಎಂಬುದು ಅದರ ಉದ್ದೇಶ. ಇದನ್ನು ನಾನು ತಿಳಿದುಕೊಂಡದ್ದು ಹತ್ತು ವರ್ಷಗಳ ನಂತರ. ನಮಗೆ ಬೀಜ ಮಾರಿದ ಅಂಗಡಿಯವರು ಒಂದು ಮಾತು ಹೇಳಲಿಲ್ಲ. ಪೊಟ್ಟಣದ ಮೇಲೆ ಬರೆದದ್ದು ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರ. ನಾವು ಆ 120 ಗ್ರಾಂ ಬೀಜವನ್ನು ಕೆಲಸಕ್ಕೆ ಬಾರದ ಬೀಜವೆಂದು ತಿಳಿದು ತಿಪ್ಪೆಗೆ ಸುರಿದೆವು. ಈಗ ಗುಲಾಬಿ ಕಾಯಿಕೊರಕ ಬಂದು ಕುಳಿತಿದೆ. ಹೊರಗಿನಿಂದ ನೋಡಿದರೆ ಕಾಯಿ ಹಸಿರಾಗಿ, ಗಟ್ಟಿಯಾಗಿ ಚೆನ್ನಾಗಿಯೇ ಇರುತ್ತದೆ. ಉಗುರಿನಿಂದ ಸೀಳಿದರೆ ಎರಡು ಕಾಳು ಅಂಟಿಕೊಂಡು ನಡುವೆ ತೆಳುಗೆಂಪು ಹುಳ ಮಲಗಿರುತ್ತದೆ, ಅರಳೆ ಹಳದಿಯಾಗಿರುತ್ತದೆ.

ಇದು ಆಹಾರದ ಚರ್ಚೆ, ಹತ್ತಿಯ ಮಾತು ಯಾಕೆ ಎಂದು ಯಾರಾದರೂ ಕೇಳಬಹುದು. ಹತ್ತಿಯ ಅರಳೆ ಗಿರಣಿಗೆ ಹೋದರೆ, ಕಾಳು ಎಲ್ಲಿಗೆ ಹೋಗುತ್ತದೆ? ನಮ್ಮ ಎಮ್ಮೆಗೆ ಹತ್ತಿಕಾಳಿನ ಹಿಂಡಿಯನ್ನೇ ನೆನೆಸಿ ಹಾಕುತ್ತೇವೆ, ಹಾಲು ಡೇರಿಗೆ ಹೋಗುತ್ತದೆ. ಕಾಳಿನ ಎಣ್ಣೆ ಊಟಕ್ಕೆ ಹೋಗುತ್ತದೆ. ಗುಜರಾತಿನಲ್ಲಿ ಅದು ಮನೆಮನೆಯ ಅಡುಗೆ ಎಣ್ಣೆ. ದೇಶದ ಹತ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬಿಟಿಯೇ ಆಗಿರುವಾಗ ಆ ಎಣ್ಣೆ ಎಲ್ಲಿಂದ ಬಂದದ್ದೆಂದು ಬೇರೆ ಹೇಳಬೇಕೇ? ಬದನೆಗೆ ಏಳು ಊರುಗಳಲ್ಲಿ ಸಭೆ ಮಾಡಿದರು. ಎಣ್ಣೆಗೆ ಒಂದು ಊರಿನಲ್ಲೂ ಮಾಡಲಿಲ್ಲ. ನನ್ನ ಸಿಟ್ಟು ಬಿಟಿಯ ಮೇಲಲ್ಲ, ಈ ಕೇಳದೇ ಇದ್ದದ್ದರ ಮೇಲೆ.

ಹಸಿರೆಲೆ, ಧಾರವಾಡ

ಕಪ್ಪುಮಣ್ಣು ಅಣ್ಣನವರು ಬರೆದದ್ದನ್ನು ಎರಡು ಸಲ ಓದಿದೆ. ನಾನು ಸಸ್ಯ ಜೈವಿಕ ತಂತ್ರಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವವಳು. ಬದನೆಯ ಯೋಜನೆಗೂ ನನಗೂ ಸಂಬಂಧವಿಲ್ಲ. ಆರೋಗ್ಯದ ಪ್ರಶ್ನೆಯನ್ನೂ ನಂಬಿಕೆಯ ಪ್ರಶ್ನೆಯನ್ನೂ ಬೇರೆ ಬೇರೆಯಾಗಿ ನೋಡಬೇಕೆಂಬುದು ನನ್ನ ಕೋರಿಕೆ.

ಆರೋಗ್ಯದ ಮಟ್ಟಿಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಬಿಟಿ ಎಂಬುದು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಹೆಸರಿನ ಮೊದಲಕ್ಷರಗಳು. ಅದರಲ್ಲಿರುವ ಕ್ರೈ1ಎಸಿ ಎಂಬ ಪ್ರೋಟೀನನ್ನು ತಯಾರಿಸುವ ವಂಶವಾಹಿಯನ್ನು ಬದನೆಗೆ ಸೇರಿಸಿದರು. ಕುಡಿ ಮತ್ತು ಕಾಯಿ ಕೊರೆಯುವ ಹುಳದ ಕರುಳಿನಲ್ಲಿ ಕ್ಷಾರದ ಗುಣವಿದೆ. ಅಲ್ಲಿ ಈ ಪ್ರೋಟೀನು ಚುರುಕಾಗಿ, ಕರುಳಿನ ಗೋಡೆಯ ನಿರ್ದಿಷ್ಟ ಗ್ರಾಹಕಗಳಿಗೆ ಅಂಟಿಕೊಂಡು ತೂತು ಮಾಡುತ್ತದೆ, ಹುಳ ತಿನ್ನುವುದನ್ನು ನಿಲ್ಲಿಸಿ ಸಾಯುತ್ತದೆ. ನಮ್ಮ ಜಠರದಲ್ಲಿರುವುದು ಆಮ್ಲ, ನಮ್ಮ ಕರುಳಿನಲ್ಲಿ ಆ ಗ್ರಾಹಕಗಳಿಲ್ಲ, ಪ್ರೋಟೀನು ಬೇಳೆಯ ಪ್ರೋಟೀನಿನಂತೆಯೇ ಜೀರ್ಣವಾಗುತ್ತದೆ. ಇದೇ ಬ್ಯಾಕ್ಟೀರಿಯಾವನ್ನು ಸಾವಯವ ಕೃಷಿಕರು ದಶಕಗಳಿಂದ ಬೆಳೆಯ ಮೇಲೆ ಸಿಂಪಡಿಸುತ್ತಿದ್ದಾರೆ. 2016ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಗಳು ನೂರಾರು ಅಧ್ಯಯನಗಳನ್ನು ಪರಿಶೀಲಿಸಿ, ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರವು ಸಾಂಪ್ರದಾಯಿಕ ಆಹಾರಕ್ಕಿಂತ ಹೆಚ್ಚು ಅಪಾಯಕಾರಿ ಎಂಬುದಕ್ಕೆ ಆಧಾರ ಸಿಗಲಿಲ್ಲ ಎಂದವು. ಗಡ್ಡೆ ಬೆಳೆದ ಇಲಿಗಳ ಫೋಟೊ ಒಂದು ವಾಟ್ಸಾಪಿನಲ್ಲಿ ಈಗಲೂ ಸುತ್ತುತ್ತಿರುತ್ತದೆ. ಅದು 2012ರ ಫ್ರೆಂಚ್ ಪ್ರಬಂಧವೊಂದರದ್ದು; ಇಲಿಗಳ ಸಂಖ್ಯೆ ತೀರಾ ಕಡಿಮೆಯಿತ್ತೆಂದೂ, ಆಯ್ದ ಇಲಿಯ ತಳಿಗೆ ಸಹಜವಾಗಿಯೇ ಗಡ್ಡೆ ಬರುತ್ತದೆಂದೂ ಟೀಕೆ ಬಂದು, ಪ್ರಕಟಿಸಿದ ಪತ್ರಿಕೆಯೇ ಮರುವರ್ಷ ಅದನ್ನು ಹಿಂತೆಗೆದುಕೊಂಡಿತು.

ಬಾಂಗ್ಲಾದೇಶವು ಇದೇ ಬಿಟಿ ಬದನೆಗೆ 2013ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. 2014ರ ಆರಂಭದಲ್ಲಿ 20 ರೈತರಿಗೆ ಸಸಿ ಹಂಚಿದರು. 2018ರ ವೇಳೆಗೆ ಬೆಳೆಯುವವರು ಸುಮಾರು 27,000ಕ್ಕೆ ಏರಿದರು. ಅಲ್ಲಿ ಕೀಟನಾಶಕದ ಖರ್ಚು ಗಮನಾರ್ಹವಾಗಿ ಇಳಿದದ್ದನ್ನು ಅಧ್ಯಯನಗಳು ತೋರಿಸಿವೆ. ನಮ್ಮಲ್ಲಿ ಬದನೆಗೆ ಒಂದು ಹಂಗಾಮಿನಲ್ಲಿ ಎಷ್ಟು ಬಾರಿ ಔಷಧಿ ಹೊಡೆಯುತ್ತಾರೆ ಎಂಬುದನ್ನು ಬೆಳೆಯುವವರನ್ನೇ ಕೇಳಿ. ಕಡಲತಡಿ ಸರ್ ಹೇಳಿದ ತಾಯಿ ಹುಳವಿಲ್ಲದ ಕಾಯಿಯನ್ನು ಕಂಡು ಹೆದರಬೇಕಾದದ್ದು ಬಿಟಿಗಲ್ಲ, ಆ ಔಷಧಿಗೆ ಎಂದು ನನಗನ್ನಿಸುತ್ತದೆ.

ಇನ್ನು ನಂಬಿಕೆ. ಇಲ್ಲಿ ನಮ್ಮ ಕಡೆಯ ತಪ್ಪು ದೊಡ್ಡದು. ಬಿಟಿ ಬದನೆಯ ಸುರಕ್ಷತಾ ಪರೀಕ್ಷೆಗಳ ವಿವರ ವರ್ಷಗಟ್ಟಲೆ ಗುಟ್ಟಾಗಿತ್ತು. 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆಯೇ ಅದು ಹೊರಗೆ ಬಂತು. ಪರೀಕ್ಷೆಯ ಹೊಣೆ ಹೊತ್ತದ್ದು ಬೀಜವನ್ನು ಮಾರಬೇಕಾಗಿದ್ದ ಕಂಪನಿಯೇ. ಫಲಿತಾಂಶ ಸರಿಯಾಗಿಯೇ ಇದ್ದರೂ, ಬಚ್ಚಿಟ್ಟು ಆಮೇಲೆ ತೋರಿಸಿದ್ದನ್ನು ಯಾರು ನಂಬುತ್ತಾರೆ? ಇನ್ನೊಂದು ವಿಷಯ ಜನರಿಗೆ ತಲುಪಲೇ ಇಲ್ಲ. ಕಂಪನಿಯ ಬದನೆ ಹೈಬ್ರಿಡ್ ಆಗಿತ್ತು, ಪ್ರತಿವರ್ಷ ಬೀಜ ಕೊಳ್ಳಬೇಕು. ಧಾರವಾಡ ಮತ್ತು ಕೊಯಮತ್ತೂರಿನ ವಿಶ್ವವಿದ್ಯಾಲಯಗಳು ತಯಾರಿಸಿದ್ದು ರೈತರೇ ಬೀಜ ಉಳಿಸಿಕೊಳ್ಳಬಹುದಾದ ತಳಿಗಳು. ಬಾಂಗ್ಲಾದೇಶದಲ್ಲಿ ಹಂಚಿದ್ದೂ ಅಂಥವನ್ನೇ. ಈ ವ್ಯತ್ಯಾಸವನ್ನು ಸರಳ ಕನ್ನಡದಲ್ಲಿ ಹಳ್ಳಿಯ ಚಾವಡಿಯಲ್ಲಿ ಕುಳಿತು ಯಾರು ಹೇಳಿದರು? ಯಾರೂ ಹೇಳಲಿಲ್ಲ.

ನೇಗಿಲಯೋಗಿ, ಮಂಡ್ಯ

ಹಸಿರೆಲೆ ಅಕ್ಕನವರ ಓದಿಗೆ ಗೌರವವಿದೆ, ಆದರೂ ನಾನು ಒಪ್ಪುವುದಿಲ್ಲ. 1998ರ ನವೆಂಬರಿನಲ್ಲಿ ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಪ್ರಾಯೋಗಿಕ ಬಿಟಿ ಹತ್ತಿಯನ್ನು ಕಿತ್ತು ಸುಟ್ಟಾಗ, ಆ ಹೊಲದ ಮಾಲೀಕರಿಗೇ ತಾವು ಬೆಳೆಯುತ್ತಿರುವುದು ಏನೆಂದು ಸರಿಯಾಗಿ ಹೇಳಿರಲಿಲ್ಲ ಎಂಬುದು ಸಂಘದ ಮುಖ್ಯ ಆರೋಪವಾಗಿತ್ತು. ಇಪ್ಪತ್ತೈದು ವರ್ಷಗಳ ಮೇಲೆ ಕಪ್ಪುಮಣ್ಣು ಅಣ್ಣನವರು 120 ಗ್ರಾಮಿನ ಪೊಟ್ಟಣದ ಬಗ್ಗೆ ಬರೆದದ್ದು ಅದೇ ಮಾತು. ಬೀಜವೊಂದನ್ನು ಹೊಲಕ್ಕೆ ಬಿಟ್ಟ ಮೇಲೆ ವಾಪಸು ಕರೆಯುವುದಕ್ಕಾಗುವುದಿಲ್ಲ. 2019ರಲ್ಲಿ ಹರಿಯಾಣದ ಫತೇಹಾಬಾದಿನಲ್ಲಿ ನಿಷೇಧಿತ ಬಿಟಿ ಬದನೆ ರೈತರ ಹೊಲದಲ್ಲೇ ಸಿಕ್ಕಿತು. ಸಸಿ ಕೊಂಡು ನೆಟ್ಟವನ ಬೆಳೆಯನ್ನು ನಾಶ ಮಾಡಿದರು. ಇಂಥ ಕಾವಲಿನ ಕೈಯಲ್ಲಿ ನಮ್ಮ ಊಟವನ್ನು ಹೇಗೆ ಕೊಡುವುದು? ಬದನೆಯ ತವರು ಈ ನೆಲ. ಸಾವಿರಾರು ವರ್ಷಗಳಿಂದ ಊರೂರಿಗೂ ಬೇರೆ ಬೇರೆ ಬದನೆ ಬೆಳೆದ ದೇಶದಲ್ಲಿ ಒಂದು ವಂಶವಾಹಿಯನ್ನು ಎಲ್ಲ ತಳಿಗಳಿಗೂ ಹರಡಲು ಬಿಡುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ತುಂಗೆಯ ಮಗಳು, ನ್ಯೂಜೆರ್ಸಿ

ನಾನು ತೀರ್ಥಹಳ್ಳಿಯವಳು, ಹದಿನಾಲ್ಕು ವರ್ಷಗಳಿಂದ ಅಮೆರಿಕದಲ್ಲಿದ್ದೇನೆ. ಇಲ್ಲಿ ಬೆಳೆಯುವ ಮೆಕ್ಕೆಜೋಳ ಮತ್ತು ಸೋಯಾದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕುಲಾಂತರಿ. ಇಲ್ಲಿನವರು ಚಿಂತೆಯಿಲ್ಲದೆ ತಿನ್ನುತ್ತಾರೆ ಎಂದು ಊರಿನಲ್ಲಿ ಕೆಲವರು ತಿಳಿದಿದ್ದಾರೆ, ಅದು ನಿಜವಲ್ಲ. ಇಲ್ಲಿನ ಅಂಗಡಿಗಳಲ್ಲಿ "ಕುಲಾಂತರಿ ಇಲ್ಲ" ಎಂಬ ಚಿಟ್ಟೆಯ ಗುರುತಿರುವ ಡಬ್ಬಿಗಳಿಗೆ ಹೆಚ್ಚು ಹಣ ಕೊಡುವವರು ಬಹಳ ಮಂದಿ ಇದ್ದಾರೆ. ಜನರು ವರ್ಷಗಟ್ಟಲೆ ಕೇಳಿದ ಮೇಲೆ 2016ರಲ್ಲಿ ಕಾನೂನು ಬಂತು. 2022ರ ಜನವರಿ 1ರಿಂದ ಪೊಟ್ಟಣದ ಮೇಲೆ ತಿಳಿಸುವುದು ಕಡ್ಡಾಯವಾಯಿತು.

ಆ ಕಾನೂನಿನೊಳಗೆ ಒಂದು ಕಿಂಡಿ ಇದೆ. ಎಣ್ಣೆ, ಸಕ್ಕರೆಯಂಥ ಶುದ್ಧೀಕರಿಸಿದ ಪದಾರ್ಥದಲ್ಲಿ ಬದಲಾದ ವಂಶವಾಹಿಯ ಅಂಶ ಪರೀಕ್ಷೆಗೆ ಸಿಗದಿದ್ದರೆ ಹೇಳಬೇಕಾಗಿಲ್ಲ. ಯುರೋಪಿನಲ್ಲಿ ಹಾಗಲ್ಲ: ಎಣ್ಣೆಯಲ್ಲಿ ಏನೂ ಉಳಿದಿರದಿದ್ದರೂ ಅದು ಕುಲಾಂತರಿ ಬೆಳೆಯಿಂದ ಬಂದದ್ದಾದರೆ ಚೀಟಿಯ ಮೇಲೆ ಬರೆಯಲೇಬೇಕು. ಅಮೆರಿಕ ಕೇಳುವುದು "ತಟ್ಟೆಯಲ್ಲಿ ಏನಿದೆ" ಎಂದು. ಯುರೋಪು ಕೇಳುವುದು "ತಟ್ಟೆಗೆ ಬಂದದ್ದು ಎಲ್ಲಿಂದ" ಎಂದು. ಕಪ್ಪುಮಣ್ಣು ಅವರ ಪ್ರಶ್ನೆ ಎರಡನೆಯದ್ದು ಎಂದು ನನಗೆ ತೋರಿತು.

ಹೋದ ಸಲ ಬೆಂಗಳೂರಿಗೆ ಬಂದಾಗ ಅಕ್ಕನ ಅಡುಗೆಮನೆಯಲ್ಲಿ ನಿಂತು, ಇಲ್ಲಿನ ಅಭ್ಯಾಸದಂತೆ ಎಣ್ಣೆಯ ಪೊಟ್ಟಣವನ್ನು ತಿರುಗಿಸಿ ಓದಿದೆ. ಸೋಯಾಬೀನ್ ಎಣ್ಣೆ. ಹಸಿರು ಚುಕ್ಕೆ ಇತ್ತು, ವಿಟಮಿನ್ ಸೇರಿಸಿದ್ದರ ಗುರುತಿತ್ತು, ಬೆಲೆ, ತೂಕ, ತುಂಬಿದ ದಿನ ಎಲ್ಲವೂ ಇತ್ತು. ಭಾರತಕ್ಕೆ ಸೋಯಾ ಎಣ್ಣೆ ಹೆಚ್ಚಾಗಿ ಬರುವುದು ಅರ್ಜೆಂಟೀನಾ, ಬ್ರೆಜಿಲ್‌ಗಳಿಂದ. ಅಲ್ಲಿನ ಸೋಯಾ ಬಹುತೇಕ ಪೂರ್ತಿ ಕುಲಾಂತರಿ. ಅದರ ಬಗ್ಗೆ ಮಾತ್ರ ಒಂದಕ್ಷರವೂ ಇರಲಿಲ್ಲ. ಅಕ್ಕ ಬದನೆಯ ಗಲಾಟೆಯ ದಿನಗಳಲ್ಲಿ ಬೆಂಗಳೂರಿನ ಸಭೆಯ ಹೊರಗೆ ಫಲಕ ಹಿಡಿದು ನಿಂತಿದ್ದವಳು. ನಾನು ಹೇಳಿದ ಮೇಲೆ ಅವಳು ಸೌಟನ್ನು ಬಾಣಲೆಯ ಅಂಚಿಗೆ ಒರಗಿಸಿ, "ಹಾಗಾದರೆ ಇಷ್ಟು ವರ್ಷ ಮಕ್ಕಳಿಗೆ ನಾನೇ ಹಾಕಿದ್ದೇನಾ?" ಎಂದಳು. ಎಣ್ಣೆಯಿಂದ ತೊಂದರೆಯಿಲ್ಲ ಎಂದು ನಾನು ಹಸಿರೆಲೆ ಅವರಂತೆಯೇ ವಿವರಿಸಲು ಹೋದೆ. ಅವಳು ಕೇಳಿಸಿಕೊಳ್ಳಲಿಲ್ಲ. ಅವಳಿಗೆ ನೋವಾದದ್ದು ಎಣ್ಣೆಯಿಂದಲ್ಲ.

ಕರಿಕೋಟು, ಬೆಂಗಳೂರು

ವೃತ್ತಿಯಿಂದ ವಕೀಲನಾದ್ದರಿಂದ ಕಾನೂನಿನ ನೆಲೆಯನ್ನು ಹೇಳುತ್ತೇನೆ. ನಮ್ಮಲ್ಲಿ ನಿಯಮಗಳಿಗೆ ಬರವಿಲ್ಲ. ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲೇ ಕುಲಾಂತರಿ ಜೀವಿಗಳ ನಿಯಮಗಳಾದವು. 2006ರ ಆಹಾರ ಸುರಕ್ಷತೆ ಕಾಯ್ದೆಯ 22ನೇ ಕಲಮು, ನಿಯಮಗಳು ಅನುಮತಿಸದ ಹೊರತು ಕುಲಾಂತರಿ ಆಹಾರವನ್ನು ತಯಾರಿಸಬಾರದು, ಮಾರಬಾರದು, ಆಮದು ಮಾಡಬಾರದು ಎನ್ನುತ್ತದೆ. 2013ರ ಜನವರಿ 1ರಿಂದ ಪೊಟ್ಟಣದ ಸರಕುಗಳ ನಿಯಮದ ಪ್ರಕಾರ ಕುಲಾಂತರಿ ಆಹಾರವಿರುವ ಪೊಟ್ಟಣದ ಮೇಲ್ಭಾಗದಲ್ಲಿ "ಜಿಎಂ" (ಕುಲಾಂತರಿ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು) ಎಂದು ಮುದ್ರಿಸಬೇಕು. ತುಂಗೆಯ ಮಗಳು ಅವರೇ, ನಿಮ್ಮ ಅಕ್ಕನ ಅಡುಗೆಮನೆಯಲ್ಲಿ ನೀವು ಹುಡುಕಿದ ಆ ಎರಡು ಅಕ್ಷರಗಳನ್ನು ನಾನೂ ಅಂಗಡಿಯ ಸಾಲುಗಳಲ್ಲಿ ಹುಡುಕಿದ್ದೇನೆ, ಒಮ್ಮೆಯೂ ಕಂಡಿಲ್ಲ. 2021ರಲ್ಲಿ ಕೋಳಿ ಆಹಾರದ ಬೆಲೆ ಏರಿದಾಗ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅವಕಾಶ ಕೊಟ್ಟರು. ಆಗ ಯಾವ ಊರಿನಲ್ಲೂ ಸಭೆ ಕರೆಯಲಿಲ್ಲ.

ಕುಲಾಂತರಿ ಸಾಸಿವೆಯ ಪ್ರಕರಣ ಎಲ್ಲರೂ ತಿಳಿಯಬೇಕಾದದ್ದು. ದೆಹಲಿ ವಿಶ್ವವಿದ್ಯಾಲಯದ ಪ್ರೊ. ದೀಪಕ್ ಪೆಂಟಾಲ್ ಅವರ ತಂಡ ರೂಪಿಸಿದ ಡಿಎಂಎಚ್-11 ಸಾಸಿವೆಯನ್ನು ಹೊಲಕ್ಕೆ ಬಿಡಲು 2022ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಗಮನಿಸಿ, ಇದು ಬೇರೆ ದೇಶದ ಕಂಪನಿಯದ್ದಲ್ಲ, ಸರ್ಕಾರಿ ಹಣದಲ್ಲಿ ಇಲ್ಲಿಯೇ ಆದದ್ದು. ಆದರೂ ವಿರೋಧ ಕಡಿಮೆಯಾಗಲಿಲ್ಲ. 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು: ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಒಪ್ಪಿಗೆಯನ್ನು ರದ್ದುಪಡಿಸಿದರು, ನ್ಯಾಯಮೂರ್ತಿ ಸಂಜಯ್ ಕರೋಲ್ ಅವರು ಎತ್ತಿಹಿಡಿದರು. ಇಬ್ಬರೂ ಒಪ್ಪಿದ ಭಾಗ ಮುಖ್ಯವಾದದ್ದು. ಕೇಂದ್ರ ಸರ್ಕಾರವು ರೈತರನ್ನೂ ರಾಜ್ಯಗಳನ್ನೂ ತಜ್ಞರನ್ನೂ ಕೇಳಿ ರಾಷ್ಟ್ರೀಯ ನೀತಿಯೊಂದನ್ನು ರೂಪಿಸಬೇಕು, ಆಮದಾಗುವ ಕುಲಾಂತರಿ ಖಾದ್ಯತೈಲದ ವಿಷಯದಲ್ಲಿ ಚೀಟಿಯ ಕಾನೂನನ್ನು ಪಾಲಿಸಬೇಕು ಎಂದು ಅವರು ಒಟ್ಟಾಗಿ ಹೇಳಿದರು.

ಮಟ್ಟುಗುಳ್ಳಕ್ಕೆ ಸಂಬಂಧಿಸಿದ ಇನ್ನೊಂದು ಎಳೆಯಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಸ್ಥಳೀಯ ತಳಿಗಳನ್ನು ಬಳಸಿಕೊಳ್ಳುವ ಮುನ್ನ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕಾಗಿತ್ತೆಂದೂ, ಆ ಬದನೆಗಳನ್ನು ತಲೆಮಾರುಗಳಿಂದ ಕಾಪಾಡಿದ ಊರಿನವರನ್ನು ಕೇಳಲಿಲ್ಲವೆಂದೂ 2010ರಲ್ಲಿ ಬೆಂಗಳೂರಿನ ಸಂಸ್ಥೆಯೊಂದು ದೂರು ಕೊಟ್ಟಿತು. ವಿಶ್ವವಿದ್ಯಾಲಯದ ಕಡೆಯವರಿಗೆ ತಮ್ಮ ವಾದವಿದೆ, ಅದನ್ನು ನಾನು ಇಲ್ಲಿ ತೀರ್ಮಾನಿಸುವುದಿಲ್ಲ. ಆದರೆ ಕಡಲತಡಿ ಸರ್ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಈ ದೂರಿನಲ್ಲಿಯೇ ಇದೆ. ಪ್ರಯೋಗಾಲಯದ ಫಲಿತಾಂಶವನ್ನು ಮುಂದಿಟ್ಟು ಇದಕ್ಕೆ ಉತ್ತರಿಸಲು ಬರುವುದಿಲ್ಲ.

ಹಸಿರೆಲೆ, ಧಾರವಾಡ

ಕರಿಕೋಟು ಸರ್ ಹೇಳಿದ್ದರಲ್ಲಿ ಒಂದು ತಾಂತ್ರಿಕ ಅಂಶ ಸೇರಿಸುತ್ತೇನೆ. ಚೆನ್ನಾಗಿ ಶುದ್ಧೀಕರಿಸಿದ ಹತ್ತಿಕಾಳಿನ ಎಣ್ಣೆಯಲ್ಲಿ ಪ್ರೋಟೀನೂ ಡಿಎನ್‌ಎಯೂ ಹೆಚ್ಚುಕಡಿಮೆ ಉಳಿಯುವುದಿಲ್ಲ. ಹೀಗಾಗಿ ಪ್ರಯೋಗಾಲಯಕ್ಕೆ ಕಳಿಸಿದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಕಾಳಿನ ಮೂಲದ ಕಾಗದಪತ್ರವನ್ನು ಗಿರಣಿಯಿಂದಲೇ ಇಟ್ಟುಕೊಂಡು ಬಂದರೆ ಮಾತ್ರ ಹೇಳಲು ಸಾಧ್ಯ. ಮೊದಲು ನಾನು "ಏನೂ ಉಳಿಯುವುದಿಲ್ಲವಾದ್ದರಿಂದ ಚೀಟಿ ಯಾಕೆ" ಎಂದು ವಾದಿಸುತ್ತಿದ್ದೆ. ತುಂಗೆಯ ಮಗಳು ಅಕ್ಕ ಬರೆದದ್ದನ್ನು ಓದಿದ ಮೇಲೆ ಆ ವಾದವನ್ನು ಕೈಬಿಡುತ್ತಿದ್ದೇನೆ. ಮಾಂಸಾಹಾರವೋ ಸಸ್ಯಾಹಾರವೋ ಎಂಬ ಚುಕ್ಕೆಯನ್ನು ನಾವು ಆರೋಗ್ಯಕ್ಕಾಗಿ ಹಾಕಿಸಿಕೊಂಡದ್ದಲ್ಲವಲ್ಲ. ಅದರಂತೆ ಇದೂ ಇರಲಿ.

ನೇಗಿಲಯೋಗಿ ಅವರೇ, ವಂಶವಾಹಿ ಹರಡುವ ನಿಮ್ಮ ಆತಂಕ ನಿರಾಧಾರವಲ್ಲ. ಬದನೆ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟಿದರೂ, ದುಂಬಿಗಳು ಸ್ವಲ್ಪ ಪರಾಗವನ್ನು ಪಕ್ಕದ ಹೊಲಕ್ಕೂ ಒಯ್ಯುತ್ತವೆ. ಮಟ್ಟುವಿನಂಥ ಚಿಕ್ಕ ಊರಿನಲ್ಲಿ ಒಬ್ಬರು ಬೆಳೆದರೆ ಎಲ್ಲರ ಬೀಜದ ಮೇಲೂ ಅದರ ಪ್ರಭಾವ ಬೀಳಬಹುದು. ಆದ್ದರಿಂದ ಇದು ಒಬ್ಬೊಬ್ಬ ರೈತನ ಆಯ್ಕೆಯಾಗಿ ಉಳಿಯದೆ ಇಡೀ ಊರಿನ ಆಯ್ಕೆಯಾಗುತ್ತದೆ. ಆದರೆ ಎಲ್ಲ ಬಗೆಯ ತಂತ್ರಜ್ಞಾನಕ್ಕೂ ಒಂದೇ ಬಾಗಿಲು ಹಾಕಬೇಡಿ ಎಂದು ಬೇಡಿಕೊಳ್ಳುತ್ತೇನೆ. 2025ರ ಮೇ ತಿಂಗಳಲ್ಲಿ ಘೋಷಿಸಿದ ಎರಡು ಭತ್ತದ ತಳಿಗಳು, ಅಂದರೆ ಸಾಂಬಾ ಮಸೂರಿಯಿಂದ ಬಂದ ಕಮಲಾ ಮತ್ತು ಪೂಸಾ ಡಿಎಸ್‌ಟಿ ರೈಸ್ 1, ಕುಲಾಂತರಿಗಳಲ್ಲ. ಅವುಗಳಲ್ಲಿ ಬೇರೆ ಜೀವಿಯ ವಂಶವಾಹಿ ಇಲ್ಲ, ಇದ್ದದ್ದನ್ನೇ ತಿದ್ದಿದ್ದಾರೆ. ಅಂಥವನ್ನು 2022ರಲ್ಲೇ 1989ರ ನಿಯಮಗಳ ಬಹುಪಾಲಿನಿಂದ ಹೊರಗಿಟ್ಟಿದ್ದಾರೆ. ಇದನ್ನಾದರೂ ಮುಂಚೆಯೇ ಜನರ ಮುಂದೆ ತೆರೆದಿಡದಿದ್ದರೆ ನಾಳೆ ಅನ್ನದ ಮೇಲೂ ಬದನೆಯ ಜಗಳವೇ ಬರುತ್ತದೆ ಎಂಬ ಭಯ ನನಗಿದೆ.

ಮಟ್ಟುವಿನ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ನೇರವಾದ ಪ್ರಶ್ನೆ. ಬೀಜ ಉಚಿತವಾಗಿ ಸಿಕ್ಕಿ, ಅದನ್ನು ನೀವೇ ಉಳಿಸಿಕೊಳ್ಳಲು ಬರುವಂತಿದ್ದು, ಪರೀಕ್ಷೆಗಳ ವಿವರವೆಲ್ಲ ನಿಮ್ಮ ಕೈಗೆ ಕನ್ನಡದಲ್ಲಿ ಬಂದರೆ, ಬಿಟಿ ಗುಳ್ಳವನ್ನು ಬೆಳೆಯುತ್ತೀರಾ?

ಗುಳ್ಳದ ಗದ್ದೆ, ಮಟ್ಟು

ಕಡಲತಡಿ ಮೇಷ್ಟ್ರು ನನಗೆ ಪಾಠ ಹೇಳಿದವರು; ಅವರೇ ಫೋನು ಮಾಡಿ ಓದಲು ಹೇಳಿದರು. ತಂಗೀ, ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ.

ಹುಳದ ಕಾಟ ಸುಳ್ಳಲ್ಲ. ಮಳೆ ಇಳಿದ ಮೇಲೆ ಗದ್ದೆಯಲ್ಲಿ ಸಸಿ ನೆಟ್ಟು ತಿಂಗಳಾಗುವಾಗ ಒಂದೊಂದೇ ಕುಡಿ ಬಾಡಿ ತಲೆ ಬಗ್ಗಿಸುತ್ತದೆ. ಚಿವುಟಿ ನೋಡಿದರೆ ಒಳಗೆ ಹುಳ ಇರುತ್ತದೆ. ಬಾಡಿದ ಕುಡಿಗಳನ್ನು ನನ್ನ ಹೆಂಡತಿ ಬೆಳಿಗ್ಗೆ ಬುಟ್ಟಿಯಲ್ಲಿ ಚಿವುಟಿ ತಂದು ಸುಡುತ್ತಾಳೆ. ವಾಸನೆಯಿಂದ ಚಿಟ್ಟೆಗಳನ್ನು ಸೆಳೆದು ಹಿಡಿಯುವ ಮೋಹಕ ಬಲೆಯನ್ನೂ ಕಟ್ಟಿದ್ದೇವೆ. ಆದರೂ ಔಷಧಿ ಹೊಡೆಯದೆ ಪೇಟೆಗೆ ಕಾಯಿ ಕಳಿಸಲು ಆಗುವುದಿಲ್ಲ, ಏಕೆಂದರೆ ತೂತು ಬಿದ್ದ ಕಾಯಿಯನ್ನು ಅಂಗಡಿಯಲ್ಲಿ ಯಾರೂ ಮುಟ್ಟುವುದಿಲ್ಲ. ಔಷಧಿ ಹೊಡೆದ ದಿನ ನಮ್ಮ ಮನೆಯ ಸಾರಿಗೆ ಆ ಸಾಲಿನ ಕಾಯಿ ಕೊಯ್ಯುವುದಿಲ್ಲ. ಹಾಗಾಗಿ ಹುಳ ಬಾರದ ಗಿಡ ಎಂದರೆ ನನಗೆ ಆಸೆಯಾಗುವುದಿಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ.

ಬೀಜದ ಮಾತು ಬೇರೆ. ಪ್ರತಿವರ್ಷ ಗದ್ದೆಯಲ್ಲಿ ಒಳ್ಳೆಯ ಗಿಡದ ನಾಲ್ಕೈದು ಕಾಯಿಗಳಿಗೆ ದಾರ ಕಟ್ಟಿ ಬಿಡುತ್ತೇವೆ. ಅವು ಹಳದಿಯಾಗಿ ಹಣ್ಣಾಗುವವರೆಗೂ ಯಾರೂ ಮುಟ್ಟುವಂತಿಲ್ಲ. ಆಮೇಲೆ ಕೊಯ್ದು, ಬೀಜ ತೊಳೆದು, ಬೂದಿಯಲ್ಲಿ ಕಲಸಿ ಒಣಗಿಸಿಡುತ್ತೇವೆ. ಒಬ್ಬರ ಬೀಜ ಕೆಟ್ಟರೆ ಪಕ್ಕದ ಮನೆಯವರು ಕೊಡುತ್ತಾರೆ, ಅದಕ್ಕೆ ಹಣ ತೆಗೆದುಕೊಳ್ಳುವ ಕ್ರಮವಿಲ್ಲ. ಧಾರವಾಡದಲ್ಲಿ ನಮ್ಮ ಗುಳ್ಳದ ಮೇಲೆ ಕೆಲಸ ನಡೆಯುತ್ತಿದೆ ಎಂಬುದು ನನಗೆ ಗೊತ್ತಾದದ್ದು ಪೇಪರಿನಲ್ಲಿ ಗಲಾಟೆ ಬಂದ ಮೇಲೆ. ಬಂದು ಕೇಳಿದ್ದರೆ ಬೀಜ ಕೊಡುತ್ತಿರಲಿಲ್ಲವೆಂದಲ್ಲ. ನಾವೇ ಕಾಯಿ ಆರಿಸಿ ಕೊಡುತ್ತಿದ್ದೆವು.

ನಿಮ್ಮ ಪ್ರಶ್ನೆಗೆ ಉತ್ತರ ಹೀಗೆ. ನೀವು ಹೇಳಿದ ಮೂರೂ ಆದರೆ, ಮಟ್ಟುವಿನಲ್ಲಲ್ಲ, ಹೊಳೆಯ ಆಚೆ ನನ್ನ ಹೆಂಡತಿಯ ತವರಿನ ಗದ್ದೆಯಲ್ಲಿ ನಾಲ್ಕು ಸಾಲು ನೆಟ್ಟು ನೋಡಲು ನಾನು ತಯಾರಿದ್ದೇನೆ, ಅಲ್ಲಿ ಬೇರೆ ಯಾರೂ ಗುಳ್ಳ ಬೆಳೆಯುವುದಿಲ್ಲ. ಮೊದಲ ಕಾಯಿಯನ್ನು ನಮ್ಮ ಮನೆಯವರೇ ತಿನ್ನುತ್ತೇವೆ. ಎರಡನೆಯ ವರ್ಷ ಊರಿನವರನ್ನು ಕರೆಯುತ್ತೇವೆ. ಆದರೆ ಅದನ್ನು ಮಟ್ಟುಗುಳ್ಳವೆಂದು ಮಾರುವುದಿಲ್ಲ, ಮಠಕ್ಕೂ ಕಳಿಸುವುದಿಲ್ಲ. ಬುಟ್ಟಿಯ ಮೇಲೆ ಬೇರೆ ಹೆಸರು ಬರೆದೇ ಪೇಟೆಗೆ ಹೋಗಬೇಕು.

ಕಡಲತಡಿ, ಉಡುಪಿ

ನಿನ್ನ ಮಾತು ಓದಿ ಸಂತೋಷವಾಯಿತು ಮಗಾ. ಹಸಿರೆಲೆ ಅವರೇ, ನೀವು ಉಡುಪಿಗೆ ಬರುವುದಾದರೆ ಮಟ್ಟುವಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಬರುವಾಗ ಆ ಪರೀಕ್ಷೆಗಳ ವಿವರವನ್ನು ಕನ್ನಡದಲ್ಲಿ ಬರೆದು ತನ್ನಿ, ಎಷ್ಟು ಪುಟವಾದರೂ ಆಗಲಿ, ಚಾವಡಿಯಲ್ಲಿ ನಾನು ಓದಿ ಹೇಳುತ್ತೇನೆ. ಕರಿಕೋಟು ಅವರೇ, ಎಣ್ಣೆಯ ಪೊಟ್ಟಣದ ಮೇಲಿನ "ಜಿಎಂ" ಅಕ್ಷರಗಳ ಬಗ್ಗೆ ಯಾರಿಗೆ, ಯಾವ ಕಲಮಿನಡಿ ಅರ್ಜಿ ಬರೆಯಬೇಕೆಂದು ತಿಳಿಸಿದರೆ ಮೊದಲ ಸಹಿ ನನ್ನದು. ಕಪ್ಪುಮಣ್ಣು ಅವರ ಸಹಿಯೂ ಬೇಕು, ಹತ್ತಿಕಾಳಿನ ಸಂಗತಿಯನ್ನು ಅವರ ಮಾತಿನಲ್ಲಿಯೇ ಅರ್ಜಿಗೆ ಸೇರಿಸೋಣ.

ಕಪ್ಪುಮಣ್ಣು, ಹಾವೇರಿ ಜಿಲ್ಲೆ

ಸಹಿ ಮಾಡುತ್ತೇನೆ ಗುರುಗಳೇ. ಆ ಸಣ್ಣ ಪೊಟ್ಟಣ ಒಂದು ಇನ್ನೂ ಅಟ್ಟದ ಮೇಲಿದೆ, ಅದರ ಫೋಟೊ ತೆಗೆದು ಕಳಿಸುತ್ತೇನೆ. ಅಕ್ಷರ ಎಷ್ಟು ಸಣ್ಣದೆಂದು ನೋಡಿದವರಿಗೆ ಗೊತ್ತಾಗಲಿ.